ಸ್ಟೆಪ್ನಿಯ ವಯಸ್ಸು



ಜೀಪು ಇಟ್ಟುಕೊಂಡವರ ಮನೆಯಲ್ಲಿ ಮಿರುಗದ ಮಳೆ ಹಿಡಿಯುವ ಮುಂಚೆ ಮಾಡಿ ಮುಗಿಸಬೇಕಾದ ಕೆಲಸಗಳು ಕೆಲವಿರುತ್ತವೆ. ವೈಪರಿನ ರಬ್ಬರು ಬದಲಿಸುವುದು, ಮಾಡಿನ ತಾಡಪತ್ರಿಯ ತೂತು ಹೊಲಿಸುವುದು, ಬ್ರೇಕಿನ ಡ್ರಮ್ಮು ಬಿಚ್ಚಿ ಒರೆಸುವುದು, ಬ್ಯಾಟರಿ ತೋರಿಸಿಕೊಂಡು ಬರುವುದು. ಇವೆಲ್ಲ ಆದ ಮೇಲೂ ಒಂದು ಉಳಿದುಹೋಗುತ್ತದೆ. ಹಿಂದೆ ನೇತಾಡುವ ಐದನೇ ಚಕ್ರ. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇದೆಯಲ್ಲ, ಅಷ್ಟೇ ಧೈರ್ಯ. ನನಗೂ ಹಾಗೆಯೇ ಇತ್ತು, 2014ರ ಆಷಾಢದವರೆಗೆ.

ಆ ಸಂಜೆ ನಾನು ಅಚವೆಯ ಕಡೆಯಿಂದ ಅಂಕೋಲೆಗೆ ಬರುತ್ತಿದ್ದೆ. ಜೀಪು ಮಹೀಂದ್ರಾ ಎಂ.ಎಂ. 540, ನನ್ನ ಚಿಕ್ಕಪ್ಪನಿಂದ ಬಂದದ್ದು. ಹಿಂದಿನ ಸೀಟಿನಲ್ಲಿ ಉಬ್ಬಸ ಏರಿದ ಒಬ್ಬ ಅಜ್ಜಿ, ಅವರನ್ನು ಒರಗಿಸಿಕೊಂಡು ಕೂತ ಮಗ. ಮಳೆ ಎಂದರೆ ಮಳೆ. ಕಾಡಿನ ದಾರಿಯಲ್ಲಿ ನೀರು ಕೊರೆದು ಎಬ್ಬಿಸಿದ ಚೀರೆಕಲ್ಲಿನ ಚೂಪು ಅಂಚೊಂದು ಮುಂದಿನ ಬಲಗಡೆ ಟಯರಿನ ಬದಿಯನ್ನು ಸೀಳಿತು. ಅದೇನೂ ದೊಡ್ಡ ಸಂಗತಿಯಲ್ಲ, ಆ ದಾರಿಯಲ್ಲಿ ಆಗುವಂಥದ್ದೇ. ಜಾಕು ಕೊಟ್ಟೆ, ಸ್ಟೆಪ್ನಿ ಇಳಿಸಿದೆ, ಹಾಕಿದೆ. ಹಲ್ಲು ತುಂಬಿದ ಟಯರು, ನೋಡಿದರೆ ಅಂಗಡಿಯಿಂದ ಈಗಷ್ಟೇ ತಂದ ಹಾಗೆ. ನಾಲ್ಕು ಕಿಲೋಮೀಟರು ಹೋಗಿರಬಹುದು. ಮೊದಲು ಸ್ಟಿಯರಿಂಗು ಕೈಯಲ್ಲಿ ನಡುಗಿತು. ಆಮೇಲೆ ಮಡ್‌ಗಾರ್ಡಿನ ಒಳಗೆ ಯಾರೋ ಹಲಗೆಯಲ್ಲಿ ಹೊಡೆದಂತೆ ಸದ್ದು. ಇಳಿದು ನೋಡಿದರೆ ಹಲ್ಲಿನ ಪದರ ಪೂರ್ತಿ ಪಟ್ಟಿಯಾಗಿ ಕಿತ್ತು, ಒಳಗಿನ ನೈಲಾನು ದಾರ ಹೊರಗೆ ಬಂದಿತ್ತು. ಆ ಕತ್ತಲೆಯಲ್ಲಿ ಎರಡು ತಾಸು ಕಾದ ಮೇಲೆ ಒಂದು ಲಾರಿ ಸಿಕ್ಕಿತು. ಅಜ್ಜಿ ಉಳಿದರು. ಆದರೆ ಆ ಎರಡು ತಾಸು ಅವರ ಎದೆಯಿಂದ ಬರುತ್ತಿದ್ದ ಸಿಳ್ಳಿನಂಥ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಈ ಭಾಷಣಕ್ಕೆ ಒಪ್ಪಿಕೊಂಡದ್ದೂ ಅದರ ಸಲುವಾಗಿಯೇ.

ಮರುದಿನ ಆ ಟಯರನ್ನು ಬಾಳೆಗುಳಿ ಕ್ರಾಸಿನ ಹತ್ತಿರ ಪಂಕ್ಚರ್ ಕೆಲಸ ಮಾಡುವ ಒಬ್ಬ ಹಿರಿಯರ ಬಳಿ ಒಯ್ದೆ. ಅವರು ಹಲ್ಲು ಮುಟ್ಟಲೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಬದಿ ಒರೆಸಿ, ಬೆರಳಿಟ್ಟು ನಾಲ್ಕು ಅಂಕಿ ತೋರಿಸಿದರು: 1401. "ತಮ್ಮಾ, ಎತ್ತಿನ ಪ್ರಾಯ ಹಲ್ಲಲ್ಲಿ ಕಾಣ್ತದೆ. ಟಯರಿನ ಹಲ್ಲು ನಂಬಬೇಡ, ಇದನ್ನ ನೋಡು" ಅಂದರು. 2001ನೇ ಇಸವಿಯ 14ನೇ ವಾರದಲ್ಲಿ ಹುಟ್ಟಿದ ಟಯರು. ಹದಿಮೂರು ವರ್ಷ ಅದು ಒಂದೇ ಒಂದು ಸಲವೂ ನೆಲ ಮುಟ್ಟದೆ ಜೀಪಿನ ಬೆನ್ನಿಗೆ ನೇತುಕೊಂಡೇ ಮುದಿಯಾಗಿತ್ತು.

ಓಡದ ಟಯರು ಹೇಗೆ ಮುದಿಯಾಗುತ್ತದೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಓಡಿದರಲ್ಲವೇ ಸವೆಯುವುದು! ಆಮೇಲೆ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಗಾಳಿಯಲ್ಲಿರುವ ಓಝೋನು ರಬ್ಬರನ್ನು ಕಚ್ಚಿ ಬಿರುಕು ಬಿಡಿಸುತ್ತದೆ. ಅದನ್ನು ತಡೆಯುವುದಕ್ಕಾಗಿ ಟಯರು ಮಾಡುವಾಗಲೇ ರಬ್ಬರಿಗೆ ಒಂದು ಬಗೆಯ ಮೇಣ ಮತ್ತು ಕೆಲವು ರಾಸಾಯನಿಕಗಳನ್ನು ಕಲಸಿರುತ್ತಾರೆ. ಚಕ್ರ ಉರುಳುವಾಗ ಟಯರಿನ ಬದಿ ಪ್ರತಿ ಸುತ್ತಿಗೂ ಬಾಗಿ ಏಳುತ್ತದಲ್ಲ, ಆ ಬಾಗಾಟದಲ್ಲಿ ಈ ಮೇಣ ಒಳಗಿನಿಂದ ಮೇಲಕ್ಕೆ ಬಂದು ತೆಳ್ಳಗೆ ಹರಡಿಕೊಳ್ಳುತ್ತದೆ. ನಮ್ಮ ಮೈಯ ಬೆವರಿನಂತೆ ಎನ್ನಿ. ಓಡುವ ಟಯರು ತನ್ನ ಔಷಧಿಯನ್ನು ತಾನೇ ಹಚ್ಚಿಕೊಳ್ಳುತ್ತಿರುತ್ತದೆ. ನೇತಾಡುವ ಟಯರಿಗೆ ಆ ಭಾಗ್ಯವಿಲ್ಲ. ಜೊತೆಗೆ ಒಳಗೆ ಒತ್ತಿ ತುಂಬಿದ ಗಾಳಿಯ ಆಮ್ಲಜನಕ ಒಳಗಿನಿಂದಲೂ ರಬ್ಬರನ್ನು ಗಡುಸು ಮಾಡುತ್ತಾ ಹೋಗುತ್ತದೆ. ಪದರ ಪದರಗಳನ್ನು ಹಿಡಿದಿಟ್ಟ ಅಂಟು ಬಿಡುವುದು ಹಾಗೆ. ಹೊರಗಿನ ಹಲ್ಲು ಮಾತ್ರ ಹೊಸತಾಗಿಯೇ ಇರುತ್ತದೆ.

ಕಾರಿನ ಸ್ಟೆಪ್ನಿ ಡಿಕ್ಕಿಯ ಒಳಗೆ ನೆರಳಲ್ಲಿ ಮಲಗಿರುತ್ತದೆ. ಜೀಪಿನದ್ದು ಬಯಲಿನಲ್ಲಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ, ಉಳಿದ ಏಳೆಂಟು ತಿಂಗಳು ಬಿಸಿಲು ಕಾಯುವ, ಸದಾ ಉಪ್ಪುಗಾಳಿ ಬೀಸುವ ನಮ್ಮ ಕಾರವಾರ–ಅಂಕೋಲೆಯ ಕರಾವಳಿಯಲ್ಲಿ ಅದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ. ಉಪ್ಪುಗಾಳಿ ರಬ್ಬರಿಗಿಂತ ರಿಮ್ಮನ್ನು ಬೇಗ ಹಿಡಿಯುತ್ತದೆ. ಒಳಗೆ ತುಕ್ಕು ಎದ್ದು ಚಕ್ಕೆ ಚಕ್ಕೆಯಾಗಿ, ಆ ಚಕ್ಕೆಯೇ ಟ್ಯೂಬನ್ನು ಕೊರೆಯುತ್ತದೆ. ವಾಲ್ವಿನ ಕಾಂಡ ಕೊಳೆತಿರುತ್ತದೆ. ಗಾಳಿ ಇದೆ ಎಂದು ನಾವು ನಂಬಿಕೊಂಡಿರುತ್ತೇವೆ, ಅಳೆದು ನೋಡಿದರೆ ಹತ್ತು ಪೌಂಡೂ ಇರುವುದಿಲ್ಲ.

ಈ 'ಸ್ಟೆಪ್ನಿ' ಎಂಬ ಮಾತು ಎಲ್ಲಿಂದ ಬಂತು ಎಂದು ಹುಡುಕಿದಾಗ ನನಗೆ ಒಂದು ಸಂತೋಷ ಸಿಕ್ಕಿತು. ಮೊದಮೊದಲ ಮೋಟಾರುಗಳಿಗೆ ಐದನೇ ಚಕ್ರವೇ ಇರಲಿಲ್ಲ. ಟಯರು ಒಡೆದರೆ ದಾರಿಯಲ್ಲೇ ಕೂತು ಬಿಚ್ಚಿ, ತೇಪೆ ಹಾಕಿ, ಮತ್ತೆ ಗಾಳಿ ತುಂಬಿ ಹೊರಡಬೇಕು. 1904ರಲ್ಲಿ ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು ಇದಕ್ಕೆ ಒಂದು ಉಪಾಯ ಕಂಡುಹಿಡಿದರು. ಅರಗಳಿಲ್ಲದ ಬರಿಯ ಬಳೆಯಂಥ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟಯರು. ಒಡೆದ ಚಕ್ರದ ಪಕ್ಕಕ್ಕೇ ಅದನ್ನು ಹಿಡಿಕೆಗಳಿಂದ ಬಿಗಿದು ಮುಂದೆ ಸಾಗುವುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಸರಕಿಗೂ ಅದೇ ಹೆಸರಾಯಿತು. ಇಂಗ್ಲೆಂಡಿನಲ್ಲಿ ಇಂದು ಆ ಶಬ್ದ ಹೇಳಿದರೆ ಹೆಚ್ಚಿನವರಿಗೆ ತಿಳಿಯದು. ನಮ್ಮಲ್ಲಿ ಶಾಲೆಯ ಮೆಟ್ಟಿಲು ಹತ್ತದ ಕ್ಲೀನರ್ ಹುಡುಗನ ಬಾಯಲ್ಲೂ ಇದೆ. ಬ್ರೆಜಿಲ್ಲಿನಲ್ಲಿ ಅದು 'ಎಸ್ಟೆಪಿ' ಆಗಿ ಉಳಿದಿದೆ. ದೂರದ ಒಂದು ಬೀದಿಯ ಹೆಸರನ್ನು ನಾವು ನೂರು ವರ್ಷ ಕಾಪಾಡಿಕೊಂಡು ಬಂದಿದ್ದೇವೆ.

ಈಗ ಹುಡುಕುವ ಮಾತಿಗೆ ಬರೋಣ. ಮಹೀಂದ್ರಾದವರು ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಅಲ್ಲಿಂದ ಎಷ್ಟೋ ದಶಕ ನಮ್ಮ ಜೀಪುಗಳ ಟಯರು ಎಂದರೆ ಒಂದೇ ಅಳತೆ, 6.00–16. ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು, ನೈಲಾನಿನ ಅಡ್ಡ ನೇಯ್ಗೆ. ಕೆ.ಎ. 30 ನಂಬರಿನ ಹಳೆಯ ಜೀಪುಗಳು ಇನ್ನೂ ಹಿಲ್ಲೂರು, ಕದ್ರಾ, ಮಲ್ಲಾಪುರದ ಕಡೆ ಅಡಿಕೆ ಹೊತ್ತು, ಗೊಬ್ಬರ ಹೊತ್ತು, ಕಾಯಿಲೆಯವರನ್ನು ಹೊತ್ತು ಓಡುತ್ತಿವೆ. ಆದರೆ ಆ ಟಯರು ಪೇಟೆಯಲ್ಲಿ ಕೇಳಿದ ಕೂಡಲೇ ಸಿಗುವ ಕಾಲ ಹೋಯಿತು. ಹಾಗಾಗಿ ಸ್ಟೆಪ್ನಿಗೆ ಸಾಕು ಎಂದು ಜನ ಹಳೆಯದರ ಹಿಂದೆ ಬೀಳುತ್ತಾರೆ. ಐದೂ ಹೊಸತು ಕೊಳ್ಳುವ ಹಣ ಎಲ್ಲರ ಕೈಯಲ್ಲಿ ಇರುವುದಿಲ್ಲ. ಇದನ್ನು ತಪ್ಪು ಅನ್ನಲಾರೆ. ಹಳೆಯದನ್ನು ಕೊಳ್ಳಿ, ಆದರೆ ಕಣ್ಣು ಬಿಟ್ಟು ಕೊಳ್ಳಿ.

ಅಂಕೋಲೆ ಇದಕ್ಕೆ ಒಳ್ಳೆಯ ಊರು. ಕರಾವಳಿಯ 66ನೇ ಹೆದ್ದಾರಿಯೂ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯೂ ಕೂಡುವ ಜಾಗ. ಬೇಲೇಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ದಿನಗಳಿಂದಲೂ ಈ ದಾರಿಯಲ್ಲಿ ಟಯರಿನ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಅಂಗಡಿಯ ಹಿಂದೆ ರಾಶಿ ಹಾಕಿದ ಟಯರುಗಳಲ್ಲಿ ಜೀಪಿನದ್ದು ಹತ್ತಕ್ಕೊಂದು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲವೇ ಕಾಳಿ ದಾಟಿ ಗೋವೆ. ಒಂದು ಮಾತು ನೆನಪಿಡಿ. ಹೊಸ ಥಾರ್ ಅಥವಾ ಜಿಮ್ನಿ ಕೊಂಡವರಲ್ಲಿ ಕೆಲವರು ಶೋರೂಮಿನಿಂದ ಬಂದ ಟಯರನ್ನು ವಾರದೊಳಗೆ ಬಿಚ್ಚಿಸಿ ದಪ್ಪ ಹಲ್ಲಿನದ್ದು ಹಾಕಿಸುತ್ತಾರೆ. ಹಾಗೆ ಬಿಚ್ಚಿದ್ದು ನಿಮ್ಮ ಅಳತೆಗೆ ಕೂಡಿಬಂದರೆ ಅದಕ್ಕಿಂತ ಒಳ್ಳೆಯ 'ಹಳೆಯ' ಟಯರು ಬೇರೆ ಇಲ್ಲ.

ಹುಡುಕುವಾಗ ಒಂದು ದೊಡ್ಡ ಮೋಸ ಕಾದಿರುತ್ತದೆ. ಮೋಸ ಮಾಡುವವರು ಯಾರೂ ಇಲ್ಲ, ಅಳತೆಯೇ ಮಾಡುತ್ತದೆ. ಟ್ರ್ಯಾಕ್ಟರಿನ ಮುಂದಿನ ಸಣ್ಣ ಚಕ್ರದ ಟಯರೂ ಅನೇಕ ಮಾದರಿಗಳಲ್ಲಿ ಇದೇ 6.00–16. ಉದ್ದಕ್ಕೆ ಮೂರು ಏಣುಗಳಿರುವ ಟಯರು. ಯಾವ ಊರಿನಲ್ಲೂ ಸಿಗುತ್ತದೆ, ಹೊಸತೇ ಸಿಗುತ್ತದೆ, ಜೀಪಿನ ರಿಮ್ಮಿಗೆ ಕೂರುತ್ತದೆ ಕೂಡ. ಅದನ್ನು ಸ್ಟೆಪ್ನಿಯಾಗಿ ಕಟ್ಟಿಕೊಂಡು ತಿರುಗುವ ಜೀಪುಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಟಯರಿನ ಬದಿಯಲ್ಲಿ ಎ6 ಅಥವಾ ಎ8 ಎಂಬ ಗುರುತು ಇರುತ್ತದೆ. ಎ6 ಎಂದರೆ ಗಂಟೆಗೆ 30 ಕಿಲೋಮೀಟರು, ಎ8 ಎಂದರೆ 40. ಅದಕ್ಕಿಂತ ವೇಗದಲ್ಲಿ ಓಡಲು ಅದನ್ನು ಮಾಡಿಲ್ಲ. ಆ ಮೂರು ಏಣು ಗದ್ದೆಯಲ್ಲಿ ದಿಕ್ಕು ತಿರುಗಿಸಲು ಇರುವುದು, ಒದ್ದೆ ಡಾಂಬರಿನಲ್ಲಿ ಬ್ರೇಕು ಹಿಡಿಯಲು ಅಲ್ಲ.

ಇನ್ನೊಂದು ತೊಡಕು ರಿಮ್ಮು ಬದಲಿಸಿದ ಜೀಪುಗಳದ್ದು. 16ರ ಟಯರು ಸಿಗದೆ ನಾಲ್ಕೂ ಚಕ್ರಕ್ಕೆ 15ರ ರಿಮ್ಮು ಹಾಕಿಸಿ ಬೊಲೆರೋದ 215/75 ಆರ್ 15 ರೇಡಿಯಲ್ ಟಯರು ಕೂರಿಸಿಕೊಂಡವರು ಬೇಕಾದಷ್ಟು ಜನ. ಕೆಲಸ ಒಳ್ಳೆಯದೇ. ಆದರೆ ಹಣ ನಾಲ್ಕಕ್ಕೇ ಮುಗಿದು, ಹಿಂದೆ ನೇತಾಡುವುದು ಅದೇ ಹಳೆಯ 16ರ ನೈಲಾನು ಟಯರಾಗಿ ಉಳಿದಿರುತ್ತದೆ. ಬೊಲೆರೋ ಟಯರಿನ ಎತ್ತರ ಲೆಕ್ಕ ಹಾಕಿದರೆ ಸುಮಾರು 703 ಮಿಲಿಮೀಟರು. ಹಳೆಯದು ಅದಕ್ಕಿಂತ ಹೆಚ್ಚುಕಡಿಮೆ ಒಂದು ಇಂಚು ಎತ್ತರ. ಒಂದು ಬದಿ ರೇಡಿಯಲ್, ಇನ್ನೊಂದು ಬದಿ ನೈಲಾನು ಹಾಕಿದರೆ ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಅದರ ಮೇಲೆ ಫೋರ್‌ವೀಲ್ ಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದರಂತೂ ಹಳೆಯ ಜೀಪಿನ ಗೇರುಪೆಟ್ಟಿಗೆ ಉಳಿಯುವುದಿಲ್ಲ. ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ಸುತ್ತು ತಿರುಗಬೇಕಾದಾಗ ಆ ಜಗ್ಗಾಟವನ್ನು ನುಂಗುವ ಏರ್ಪಾಡು ಅದರಲ್ಲಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಆ ಸ್ಟೆಪ್ನಿಯನ್ನು ಹಿಂದಿನ ಚಕ್ರಕ್ಕೆ ಹಾಕಿ, ಟೂವೀಲ್‌ನಲ್ಲಿ, ಎತ್ತಿನಗಾಡಿಯ ತಾಳ್ಮೆಯಿಂದ ಹತ್ತಿರದ ಅಂಗಡಿಯವರೆಗೆ ಮಾತ್ರ ಹೋಗಿ. ಮುಂದಿನ ಚಕ್ರ ಒಡೆದಿದ್ದರೆ ಹಿಂದಿನದನ್ನು ಮುಂದಕ್ಕೆ ತಂದು, ಇದನ್ನು ಹಿಂದಕ್ಕೆ ಹಾಕಿ. ಮಳೆಯಲ್ಲಿ ಎರಡು ಸಲ ಜಾಕು ಕೊಡುವುದು ಬೇಸರದ ಕೆಲಸವೇ. ಆದರೂ ಮಾಡಿ.

ಜಾಕಿನ ಮಾತು ಬಂದದ್ದಕ್ಕೆ ಇನ್ನೊಂದು. ಹಳೆಯ ವಿಲ್ಲೀಸ್ ಜೀಪಿನ ಎಡಗಡೆ ಚಕ್ರಗಳ ನಟ್ಟು ಎಡ ಮರೆಯವು. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದ ಹುಡುಗರು ಪಾನಾದ ಮೇಲೆ ಹತ್ತಿ ನಿಂತು ಬೋಲ್ಟನ್ನೇ ಮುರಿದದ್ದನ್ನು ಕಂಡಿದ್ದೇನೆ.

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ದಾನಕ್ಕೆ ಬಂದ ಟಯರಿನ ಹುಟ್ಟಿದ ವಾರವನ್ನು ಎಣಿಸಲೇಬೇಕು. ಆ ಅಂಕಿಗಳು ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಇರುತ್ತವೆ. ಹೊರಗಡೆ ಕಾಣದಿದ್ದರೆ ಒಳಬದಿ ನೋಡಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಇಸವಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು, ಕೈ ಮುಗಿದು ಅಲ್ಲೇ ಬಿಟ್ಟು ಬನ್ನಿ. ಕಂಪನಿಯ ಹೆಸರಿನಿಂದ ವಯಸ್ಸು ತಿಳಿಯುವುದಿಲ್ಲ. ನಮ್ಮ ಮೈಸೂರಿನ ವಿಕ್ರಾಂತ್ 1997ರಲ್ಲಿ ಜೆ.ಕೆ. ಟಯರಿನ ಕೈಗೆ ಹೋದ ಮೇಲೂ ಆ ಹೆಸರು ಟಯರಿನ ಮೇಲೆ ಬರುತ್ತಲೇ ಇತ್ತು. ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ತುಂಬಿದ್ದನ್ನು ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ, ಸ್ಟೆಪ್ನಿಯನ್ನೂ ಸೇರಿಸಿ ಎನ್ನುವುದು ಹೆಸರಾಂತ ಟಯರು ಕಂಪನಿಗಳದೇ ಸಲಹೆ. ನಮ್ಮ ಕರಾವಳಿಯ ಬಯಲಿನಲ್ಲಿ ನೇತಾಡುವ ಸ್ಟೆಪ್ನಿಗೆ ನಾನು ಏಳು ವರ್ಷವೇ ಹೆಚ್ಚು ಎನ್ನುತ್ತೇನೆ. ಇದು ಯಾವ ಪುಸ್ತಕದ ಮಾತೂ ಅಲ್ಲ, ನನ್ನ ಮಾತು.

ವಯಸ್ಸು ಸರಿ ಇದ್ದರೆ ಮುಂದೆ ಕೈ ಕೆಲಸ. ಪಾಲಿಶು ಬಳಿದು ಕಪ್ಪಗೆ ಹೊಳೆಯುವಂತೆ ಮಾಡಿದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಲ್ಲಿನ ಸಂದಿಯ ತಳವನ್ನು ಬಿಡಿಸಿ ನೋಡಿ, ಕೂದಲೆಳೆಯಂಥ ಬಿರುಕು ಮೊದಲು ಕಾಣುವುದು ಅಲ್ಲಿ. ಉಗುರಿನಿಂದ ಒತ್ತಿ, ರಬ್ಬರು ಒಂದಿಷ್ಟು ಒಳಗೆ ಹೋಗಬೇಕು. ಕಲ್ಲಿನಂತೆ ನಿಂತರೆ ಬೇಡ. ಒಳಗೆ ಕೈ ಹಾಕಿ ಸುತ್ತಲೂ ಸವರಿ. ದಾರದ ಗೆರೆ ಬೆರಳಿಗೆ ತಾಗಿದರೆ, ಬದಿಯಲ್ಲಿ ತೇಪೆ ಇದ್ದರೆ, ಎಲ್ಲಾದರೂ ಗುಳ್ಳೆ ಎದ್ದಿದ್ದರೆ ಬಿಟ್ಟುಬಿಡಿ. ಬೋಳಾದ ಟಯರಿಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆದು ಮಾರುವವರೂ ಇದ್ದಾರೆ. ಸಂದಿಗಳ ತಳದಲ್ಲಿ ಸವೆತ ತೋರಿಸುವ ಸಣ್ಣ ದಿಬ್ಬಗಳು ಇರುತ್ತವೆ. ಅವು ಕಾಣೆಯಾಗಿದ್ದರೆ ಅನುಮಾನ ಪಡಿ.

ನಮ್ಮ ಕೇಂದ್ರ ಮೋಟಾರು ವಾಹನ ನಿಯಮ, 1989ರದ್ದು, ಜೀಪಿನಂಥ ವಾಹನಗಳ ಟಯರಿನ ಹಲ್ಲು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಅದು ಹೇಳುವುದು ಆಳದ ಮಾತು, ವಯಸ್ಸಿನದ್ದಲ್ಲ. ನನ್ನ 1401 ಟಯರು ಆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ಪಡೆಯುತ್ತಿತ್ತು! 2012ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಸಂಗೀತೋತ್ಸವ ಮುಗಿಸಿ ಮರಳುತ್ತಿದ್ದವರ ಬಸ್ಸೊಂದರ ಮುಂದಿನ ಟಯರು ಒಡೆದು ಮೂವರು ಸತ್ತರು. ಆ ಟಯರಿಗೆ 19 ವರ್ಷ ದಾಟಿತ್ತು. ಸತ್ತವರಲ್ಲಿ ಒಬ್ಬ ಹುಡುಗನಿಗೆ 18. ಅವನ ತಾಯಿ ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರುವರಿಯಿಂದ ಆ ದೇಶದಲ್ಲಿ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟಯರು ಹಾಕುವಂತಿಲ್ಲ. ಅಂಥದ್ದೊಂದು ನಿಯಮ ನಮ್ಮಲ್ಲೂ ಬರಬೇಕು, ಅಷ್ಟು ಮಂದಿ ಸಾಯುವ ಮುಂಚೆಯೇ ಬರಬೇಕು ಎಂಬುದು ನನ್ನ ಆಸೆ.

2020ರಲ್ಲಿ ನಮ್ಮಲ್ಲಿ ಬಂದ ಒಂದು ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡ ತಿಳಿಸುವ ಸಾಧನ ಮತ್ತು ರಿಪೇರಿ ಕಿಟ್ಟು ಇದ್ದ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹೆದ್ದಾರಿಯಲ್ಲಿ ಮೊಳೆ ಚುಚ್ಚಿದರೆ ಆ ಕಿಟ್ಟು ಸಾಕು. ಚೀರೆಕಲ್ಲು ಸೀಳಿದ ಬದಿಯನ್ನು ಅದು ಹೊಲಿಯಲಾರದು. 2024ರ ಜುಲೈ 16ರಂದು ನಮ್ಮ ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದ ದಿನಗಳು ನಮಗೆ ಮರೆಯುವಂಥವಲ್ಲ. ಹೆದ್ದಾರಿ ನಿಂತಾಗ ನಮಗೆ ಉಳಿಯುವುದು ಒಳದಾರಿಗಳು. ಒಳದಾರಿಗೆ ಸ್ಟೆಪ್ನಿ ಬೇಕೇ ಬೇಕು.

ಹಾಗಾದರೆ ಸ್ಟೆಪ್ನಿ ಮುದಿಯಾಗದಂತೆ ಇಡುವುದು ಹೇಗೆ? ಹಳೆಯ ಕಾಲದ ಡ್ರೈವರುಗಳಿಗೆ ಇದು ಗೊತ್ತಿತ್ತು. ನನ್ನ ಚಿಕ್ಕಪ್ಪನೂ ಮಾಡುತ್ತಿದ್ದರು, ಗಾಡಿ ನನ್ನ ಕೈಗೆ ಬಂದ ಮೇಲೆ ನಾನೇ ನಿಲ್ಲಿಸಿದ್ದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಐದೂ ಚಕ್ರಗಳ ಸರದಿ ಬದಲಿಸುವುದು. ಬೆನ್ನಿಗಿದ್ದದ್ದು ನೆಲಕ್ಕೆ ಇಳಿಯುತ್ತದೆ, ನೆಲದಲ್ಲಿದ್ದ ಒಂದು ಬೆನ್ನೇರಿ ವಿಶ್ರಾಂತಿ ಪಡೆಯುತ್ತದೆ. ಯಾವುದೂ ಸುಮ್ಮನೆ ಕೂತು ಕೆಡುವುದಿಲ್ಲ. ಐದೂ ಒಂದೇ ಸಮ ಸವೆಯುವುದರಿಂದ ಫೋರ್‌ವೀಲ್ ಹಾಕಿದಾಗ ಎತ್ತರದ ಜಗಳವೂ ಇಲ್ಲ. ತಿಂಗಳಿಗೊಮ್ಮೆ ಗಾಳಿ ಹೊಡೆಸುವಾಗ ಐದನೆಯದಕ್ಕೂ ಎರಡು ಪೌಂಡು ಹೆಚ್ಚೇ ಹೊಡೆಸಿ. ಬಿಸಿಲಿಗೆ ಒಂದು ದಪ್ಪ ಬಟ್ಟೆಯ ಗವಸು ಹೊಲಿಸಿ ಹಾಕಿ. ವರ್ಷಕ್ಕೊಮ್ಮೆ ಟ್ಯೂಬು ಬಿಚ್ಚಿಸಿ ರಿಮ್ಮಿನ ತುಕ್ಕು ಉಜ್ಜಿಸಿ ಬಣ್ಣ ಹಚ್ಚಿ. ನಾನು ಈಗ ಪ್ರತಿ ರಿಮ್ಮಿನ ಒಳಬದಿಯಲ್ಲಿ ಬಿಳಿ ಬಣ್ಣದಿಂದ ಟಯರಿನ ವಾರ, ಇಸವಿ ಬರೆದಿಡುತ್ತೇನೆ.

ತೆಗೆದ ಹಳೆಯ ಟಯರನ್ನು ಮನೆಯ ಹಿತ್ತಲಿನಲ್ಲಿ ಎಸೆಯಬೇಡಿ. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಟಯರಿನ ಹೊಟ್ಟೆಗಿಂತ ಪ್ರಿಯವಾದ ಬಾಣಂತಿಕೋಣೆ ಇಲ್ಲ. ಎಷ್ಟೇ ಅಲುಗಿಸಿದರೂ ಒಂದಿಷ್ಟು ನೀರು ಒಳಗೆ ಉಳಿಯುತ್ತದೆ. ನೀರು ಆರಿದರೂ ಮೊಟ್ಟೆಗಳು ರಬ್ಬರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಮಳೆಗೆ ಒಡೆಯುತ್ತವೆ. ಏಷ್ಯಾದ ಹುಲಿಸೊಳ್ಳೆ ಸಮುದ್ರ ದಾಟಿ 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ನೆಲೆಸಿದ್ದು ಹೀಗೆಯೇ, ಹಡಗಿನಲ್ಲಿ ಹೋದ ಹಳೆಯ ಟಯರುಗಳ ಜೊತೆಗೆ. ಸುಡುವುದಂತೂ ಬೇಡವೇ ಬೇಡ, ಆ ಕಪ್ಪು ಹೊಗೆ ನಿಮ್ಮ ಮಕ್ಕಳ ಎದೆಗೇ ಹೋಗುತ್ತದೆ. ಗುಜರಿಯವರಿಗೆ ಕೊಡಿ. ಇಲ್ಲವೇ ಉಪಯೋಗಿಸುವವರಿಗೆ ಕೊಡಿ.

ಆ 1401 ಟಯರನ್ನು ಕಾರವಾರದ ಬೈತಖೋಲ ಬಂದರಿನ ಒಬ್ಬ ದೋಣಿಯವರು ಕೇಳಿ ತೆಗೆದುಕೊಂಡು ಹೋದರು. ಧಕ್ಕೆಗೆ ದೋಣಿ ಬಡಿಯದಂತೆ ಬದಿಗೆ ಕಟ್ಟಲು ಬೇಕಿತ್ತಂತೆ. ಕಿತ್ತುಹೋದ ಹಲ್ಲಿನ ಪಟ್ಟಿಯನ್ನು ನಾನೇ ಪೂರ್ತಿ ಕತ್ತರಿಸಿ ತೆಗೆದೆ. ಕೊಡುವ ಮುಂಚೆ ಡ್ರಿಲ್ಲಿನಿಂದ ಅದಕ್ಕೆ ಸುತ್ತಲೂ ಆರು ತೂತು ಕೊರೆದೆ, ಮಳೆಯ ನೀರು ಒಳಗೆ ನಿಲ್ಲದ ಹಾಗೆ.